ಆರು ತಿಂಗಳಿಗೊಮ್ಮೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಕೇ?



ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತೆಂದರೆ ಲ್ಯಾಬ್‌ನಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಪೈಥಾನ್‌ನದ್ದೂ ಅಲ್ಲ, ಎಸ್‌ಕ್ಯೂಎಲ್‌ನದ್ದೂ ಅಲ್ಲ. "ಸರ್, ಮನೆಯ ಲ್ಯಾಪ್‌ಟಾಪ್ ತುಂಬಾ ಸ್ಲೋ ಉಂಟು. ಫಾರ್ಮ್ಯಾಟ್ ಮಾಡಿದ್ರೆ ಸರಿ ಆಗ್ತದಾ?" ಎಂಬುದೇ ಆ ಪ್ರಶ್ನೆ. ಕೆಲವರು ಇನ್ನೂ ಒಂದು ಮಾತು ಸೇರಿಸುತ್ತಾರೆ: "ಆರು ತಿಂಗಳಿಗೊಮ್ಮೆ ಮಾಡ್ಲೇಬೇಕಂತೆ ಸರ್."

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರಲ್ಲೇ ನಿಮ್ಮ ರೆಕಾರ್ಡ್, ತಂಗಿಯ ಆನ್‌ಲೈನ್ ಪಾಠ, ತಂದೆಯ ಅಂಗಡಿ ಲೆಕ್ಕ, ಗಲ್ಫ್‌ನಲ್ಲಿರುವ ಅಣ್ಣ ಕಳುಹಿಸಿದ ಫೋಟೋಗಳು, ಎಲ್ಲವೂ ಇರುತ್ತವೆ. ಯೋಚಿಸದೆ ಮಾಡಿದ ಒಂದು ಫಾರ್ಮ್ಯಾಟ್‌ನಿಂದ ಇವೆಲ್ಲ ಒಂದೇ ಗಂಟೆಯಲ್ಲಿ ಹೋಗಬಹುದು. ಮಾಡಲೇಬೇಕಾದಾಗ ಮಾಡದೆ ಬಿಟ್ಟರೂ ಅಷ್ಟೇ ನಷ್ಟವಾಗಬಹುದು. ಆದ್ದರಿಂದ ಈ ಸಂಚಿಕೆಯಲ್ಲಿ ವಿಷಯವನ್ನು ಪಾಠದಂತೆಯೇ ತೆಗೆದುಕೊಳ್ಳುತ್ತೇನೆ. ನನ್ನ ಉತ್ತರ ಇಷ್ಟು: ಕ್ಯಾಲೆಂಡರ್ ನೋಡಿ ಆಪರೇಟಿಂಗ್ ಸಿಸ್ಟಮ್ ಮರುಸ್ಥಾಪಿಸಬೇಕಾಗಿಲ್ಲ, ಕಾರಣ ನೋಡಿ ಮಾಡಬೇಕು. ಕಾರಣ ಯಾವುದೆಂದು ತಿಳಿಯುವುದು ಹೇಗೆ ಎಂಬುದೇ ಉಳಿದ ಪಾಠ.

ಮೊದಲು ಪದಗಳು ಸ್ಪಷ್ಟವಾಗಲಿ

ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಮೆಮೊರಿ, ಡಿಸ್ಕ್, ಪ್ರೊಸೆಸರ್‌ಗಳನ್ನು ಹಂಚಿಕೊಡುವ ವ್ಯವಸ್ಥೆ ಎಂದು ನೀವು ಓದಿದ್ದೀರಿ. ವಿಂಡೋಸ್, ಉಬುಂಟು ಇದಕ್ಕೆ ಉದಾಹರಣೆಗಳು.

ಫಾರ್ಮ್ಯಾಟ್ ಎಂದರೆ ಡಿಸ್ಕ್‌ನ ಒಂದು ಭಾಗವನ್ನು ಹೊಸ ಕಡತ ವ್ಯವಸ್ಥೆಗಾಗಿ ಸಿದ್ಧಗೊಳಿಸುವುದು. ಆಗ ಅಲ್ಲಿದ್ದ ಕಡತಗಳ ಪಟ್ಟಿಯೇ ಇಲ್ಲವಾಗುತ್ತದೆ. ಮರುಸ್ಥಾಪನೆ ಎಂದರೆ ಆಪರೇಟಿಂಗ್ ಸಿಸ್ಟಮ್ ಅನ್ನು ಮತ್ತೆ ಹಾಕುವುದು. ಇವೆರಡೂ ಒಂದೇ ಅಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ವಿಂಡೋಸ್‌ನೊಳಗೇ ರೀಸೆಟ್ ಮಾಡುವ ಸೌಲಭ್ಯವಿದೆ. ಈಗ ಅದರಲ್ಲಿ ಕಡತಗಳನ್ನು ಉಳಿಸಿಕೊಂಡು ಮಾಡುವ ಆಯ್ಕೆ ಮತ್ತು ಎಲ್ಲವನ್ನೂ ಅಳಿಸುವ ಆಯ್ಕೆ ಎಂದು ಎರಡು ಇವೆ. ಕಡತಗಳನ್ನು ಉಳಿಸಿಕೊಂಡರೂ ನೀವು ಹಾಕಿದ ತಂತ್ರಾಂಶಗಳು ಹೋಗುತ್ತವೆ ಎಂಬುದನ್ನು ನೆನಪಿಡಿ. ಅಂಗಡಿಯಲ್ಲಿ "ಫಾರ್ಮ್ಯಾಟ್ ಮಾಡಿ ಕೊಡಿ" ಎಂದಾಗ ಇವುಗಳಲ್ಲಿ ಯಾವುದನ್ನು ಮಾಡುತ್ತಾರೆ ಎಂದು ಮೊದಲೇ ಕೇಳಿ.

ಈ ಅಭ್ಯಾಸ ಎಲ್ಲಿಂದ ಬಂತು?

ಆರು ತಿಂಗಳ ಮಾತು ಯಾರೋ ಸುಮ್ಮನೆ ಕಟ್ಟಿದ್ದಲ್ಲ. ಒಂದು ಕಾಲದಲ್ಲಿ ಅದಕ್ಕೆ ಆಧಾರವಿತ್ತು. ವಿಂಡೋಸ್ 98ರ ಕಾಲದಲ್ಲಿ ಡಿಸ್ಕ್‌ಗಳು ಫ್ಯಾಟ್32 ಎಂಬ ಕಡತ ವ್ಯವಸ್ಥೆಯಲ್ಲಿರುತ್ತಿದ್ದವು. ತಾನು ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ಕ್ರಮ, ಅಂದರೆ ಜರ್ನಲಿಂಗ್, ಅದರಲ್ಲಿಲ್ಲ. ಕೆಲಸದ ನಡುವೆ ವಿದ್ಯುತ್ ಹೋದರೆ ಕಡತಗಳ ಪಟ್ಟಿಯೇ ಕೆಡುವ ಸಾಧ್ಯತೆ ಇತ್ತು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೊತೆಗೆ, ಒಂದು ತಂತ್ರಾಂಶ ಹಾಕಿದಾಗ ಅದು ಹಲವರು ಹಂಚಿಕೊಳ್ಳುವ ಡಿಎಲ್‌ಎಲ್ ಕಡತವನ್ನು ತನ್ನ ಹಳೆಯ ಪ್ರತಿಯಿಂದ ಬದಲಿಸಿ, ಇನ್ನೊಂದು ತಂತ್ರಾಂಶವನ್ನು ಕೆಡಿಸುವುದೂ ಸಾಮಾನ್ಯವಾಗಿತ್ತು. ಹೀಗೆ ಕೆಟ್ಟಿದ್ದನ್ನು ಹುಡುಕಿ ಸರಿಮಾಡುವುದಕ್ಕಿಂತ ಎಲ್ಲವನ್ನೂ ಮತ್ತೆ ಹಾಕುವುದೇ ಸುಲಭವಾಗಿತ್ತು.

2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಜರ್ನಲಿಂಗ್ ಇರುವ ಎನ್‌ಟಿಎಫ್‌ಎಸ್ ಮನೆಯ ಕಂಪ್ಯೂಟರ್‌ಗಳಿಗೂ ತಲುಪಿತು. ಹಠಾತ್ ವಿದ್ಯುತ್ ಹೋದರೂ ಕಡತ ವ್ಯವಸ್ಥೆಯ ಚೌಕಟ್ಟು ಉಳಿಯುವ ಸಂಭವ ಹೆಚ್ಚಾಯಿತು. ಉಳಿಸದೆ ಬಿಟ್ಟ ನಿಮ್ಮ ಪ್ರೋಗ್ರಾಂ ಮಾತ್ರ ಉಳಿಯುವುದಿಲ್ಲ! ಇನ್ನು ವಿಂಡೋಸ್ 10 ಮತ್ತು 11ರ ದೊಡ್ಡ ಅಪ್‌ಡೇಟ್‌ಗಳಲ್ಲಿ ಹಲವು ತಾವೇ ಒಂದು ಬಗೆಯ ಮರುಸ್ಥಾಪನೆ. ಹಳೆಯ ವಿಂಡೋಸ್ ಅನ್ನು "ವಿಂಡೋಸ್ ಡಾಟ್ ಓಲ್ಡ್" ಎಂಬ ಫೋಲ್ಡರ್‌ಗೆ ಸರಿಸಿ, ಹೊಸದನ್ನು ಹಾಕಿ, ನಿಮ್ಮ ಕಡತ ಮತ್ತು ತಂತ್ರಾಂಶಗಳನ್ನು ಅದಕ್ಕೆ ಜೋಡಿಸುತ್ತವೆ. ಸಾಮಾನ್ಯವಾಗಿ 10 ದಿನಗಳ ತನಕ ಹಿಂದಿನದಕ್ಕೆ ಮರಳಲು ಅವಕಾಶವಿರುತ್ತದೆ. ಎಂದರೆ ನೀವು ಅಪ್‌ಡೇಟ್‌ಗಳನ್ನು ತಡೆಯದಿದ್ದರೆ ನಿಮಗೆ ತಿಳಿಯದೆಯೇ ಈ ಕೆಲಸದ ಬಹುಪಾಲು ನಡೆದಿರುತ್ತದೆ.

ಹಳೆಯ ಸಲಹೆಗೆ ಕಾರಣಗಳಿದ್ದವು. ಆ ಕಾರಣಗಳಲ್ಲಿ ಹೆಚ್ಚಿನವು ಈಗ ಇಲ್ಲ, ಸಲಹೆ ಮಾತ್ರ ಉಳಿದಿದೆ.

ಹಾಗಾದರೆ ಫಾರ್ಮ್ಯಾಟ್ ಆದ ಮೇಲೆ ವೇಗ ಹೆಚ್ಚುವುದೇಕೆ?

"ಆದರೆ ಸರ್, ಮಾಡಿದ ಮೇಲೆ ನಿಜವಾಗಿಯೂ ಫಾಸ್ಟ್ ಆಗಿತ್ತು" ಎನ್ನುವವರಿದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಮರುಸ್ಥಾಪನೆಯಿಂದ ಏನು ಹೋಗುತ್ತದೆ ನೋಡಿ: ಕಂಪ್ಯೂಟರ್ ತೆರೆದೊಡನೆ ತಾವಾಗಿ ಓಡಲು ಶುರುಮಾಡುವ ತಂತ್ರಾಂಶಗಳು, ಒಟ್ಟಿಗೆ ಓಡುತ್ತಿದ್ದ ಎರಡು ಮೂರು ಆಂಟಿವೈರಸ್‌ಗಳು, ಬ್ರೌಸರ್‌ಗೆ ಅಂಟಿಕೊಂಡ ಎಕ್ಸ್‌ಟೆನ್ಷನ್‌ಗಳು, ಸಿ ಡ್ರೈವ್ ತುಂಬಿದ್ದ ತಾತ್ಕಾಲಿಕ ಕಡತಗಳು. ಇವು ಹೋದ ಕಾರಣ ವೇಗ ಬಂತು. ಅದೇ ತಂತ್ರಾಂಶಗಳನ್ನು ಮತ್ತೆ ಹಾಕಿದಂತೆ ಅದೇ ನಿಧಾನ ಮರಳಿ ಬರುತ್ತದೆ, ಆರು ತಿಂಗಳಿಗೆ ಮತ್ತೆ ಅಂಗಡಿಗೆ ಹೋಗುತ್ತೀರಿ. ಇವುಗಳನ್ನು ಒಂದೊಂದಾಗಿ ತೆಗೆದರೂ ಅದೇ ಫಲ ಸಿಗುತ್ತದೆ.

ಮರುಸ್ಥಾಪನೆಯಿಂದ ಬದಲಾಗದೆ ಉಳಿಯುವುದು ಯಂತ್ರಾಂಶ. ರ‍್ಯಾಮ್ 4 ಜಿಬಿ ಇದ್ದರೆ 4 ಜಿಬಿಯೇ ಇರುತ್ತದೆ. ಫ್ಯಾನ್‌ನಲ್ಲಿ ಕಟ್ಟಿದ ಧೂಳು ಅಲ್ಲೇ ಇರುತ್ತದೆ. ಧೂಳಿನಿಂದ ಬಿಸಿ ಏರಿದಾಗ ಪ್ರೊಸೆಸರ್ ತನ್ನನ್ನು ರಕ್ಷಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಹಾಳಾಗುತ್ತಿರುವ ಹಾರ್ಡ್‌ಡಿಸ್ಕ್ ಹಾಳಾಗುತ್ತಲೇ ಹೋಗುತ್ತದೆ.

ಹಾರ್ಡ್‌ಡಿಸ್ಕ್ ವಿಷಯದಲ್ಲಿ ಒಂದು ಲೆಕ್ಕ ಮಾಡೋಣ. ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಸೆಕೆಂಡಿಗೆ 90 ಸುತ್ತು. ಅಂದರೆ ಒಂದು ಸುತ್ತಿಗೆ ಸುಮಾರು 11.1 ಮಿಲಿಸೆಕೆಂಡ್. ಬೇಕಾದ ದತ್ತಾಂಶ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಎಂದರೆ ಸುಮಾರು 5.6 ಮಿಲಿಸೆಕೆಂಡ್. ತಲೆ ಒಂದು ಪಥದಿಂದ ಇನ್ನೊಂದಕ್ಕೆ ಸರಿಯುವ ಸಮಯ ಬೇರೆಯೇ. ಡಿಸ್ಕ್‌ನಲ್ಲಿ ಅಲ್ಲಲ್ಲಿ ಹರಡಿರುವ 1000 ಸಣ್ಣ ತುಣುಕುಗಳನ್ನು ಓದಬೇಕಾದರೆ ತಿರುಗುವಿಕೆಗಾಗಿ ಕಾಯುವುದಕ್ಕೇ 5.6 ಸೆಕೆಂಡ್ ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ತುಣುಕಿಗೆ ಸುಮಾರು 0.1 ಮಿಲಿಸೆಕೆಂಡ್ ಎಂದುಕೊಂಡರೆ ಅದೇ ಕೆಲಸ 0.1 ಸೆಕೆಂಡಿನಲ್ಲಿ ಮುಗಿಯುತ್ತದೆ. ಎಷ್ಟು ಬಾರಿ ವಿಂಡೋಸ್ ಹಾಕಿದರೂ ಡಿಸ್ಕ್ ತಿರುಗುವ ವೇಗ ಬದಲಾಗದು.

ಒಂದು ಲ್ಯಾಪ್‌ಟಾಪ್‌ನ ತಪಾಸಣೆ

ಕಳೆದ ಸಾಲಿನ ಒಬ್ಬ ವಿದ್ಯಾರ್ಥಿಯ ಮನೆಯ ಲ್ಯಾಪ್‌ಟಾಪ್ ಅನ್ನು ಇದಕ್ಕೆ ಉದಾಹರಣೆಯಾಗಿ ಕೊಡುತ್ತೇನೆ. ಅವನ ತಂದೆಗೆ ಬಂದರಿನಲ್ಲಿ ಒಂದು ಸಣ್ಣ ಸಗಟು ಅಂಗಡಿ. ಲೆಕ್ಕವೆಲ್ಲ ಅದೇ ಯಂತ್ರದ ಟ್ಯಾಲಿಯಲ್ಲಿ, ಬ್ಯಾಕಪ್ ಎಲ್ಲಿಯೂ ಇರಲಿಲ್ಲ. ಸಂಜೆ ಫಾರ್ಮ್ಯಾಟ್‌ಗೆ ಕೊಡಲು ಲ್ಯಾಪ್‌ಟಾಪ್ ಹಿಡಿದುಕೊಂಡೇ ಕಾಲೇಜಿಗೆ ಬಂದಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ನಾವಿಬ್ಬರೂ ಕುಳಿತು ಒಂದೊಂದೇ ಹಂತ ನೋಡಿದೆವು.

ಮೊದಲು ಟ್ಯಾಲಿಯ ಡೇಟಾ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ನಕಲಿಸಿದೆವು. ರೋಗ ಹುಡುಕುವ ಮೊದಲು ದತ್ತಾಂಶ ಉಳಿಸಬೇಕು. ಈ ಕ್ರಮವನ್ನು ಯಾವತ್ತೂ ತಪ್ಪಿಸಬೇಡಿ.

ಎರಡನೆಯದು ಅಳತೆ. ಪವರ್ ಬಟನ್ ಒತ್ತಿದಾಗಿನಿಂದ ಬ್ರೌಸರ್ ತೆರೆಯುವ ತನಕದ ಸಮಯವನ್ನು ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ಹಿಡಿದೆವು. ನಾಲ್ಕು ನಿಮಿಷ ದಾಟಿತು.

ಮೂರನೆಯದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಸಿಪಿಯು ಬಳಕೆ ಕಡಿಮೆ ಇತ್ತು, ಡಿಸ್ಕ್ ಮಾತ್ರ 100 ಶೇಕಡಾ. ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಯಾರೂ ಬಳಸದ ಆಟದ ಲಾಂಚರ್, ಇಲ್ಲದ ಪ್ರಿಂಟರ್‌ನ ಸಹಾಯಕ, ಎರಡು ಆಂಟಿವೈರಸ್. ಬೇಡದ್ದನ್ನು ನಿಲ್ಲಿಸಿದೆವು, ಒಂದು ಆಂಟಿವೈರಸ್ ತೆಗೆದೆವು, ತುಂಬಿ ತುಳುಕುತ್ತಿದ್ದ ಸಿ ಡ್ರೈವ್‌ನಿಂದ ತಾತ್ಕಾಲಿಕ ಕಡತಗಳನ್ನು ಅಳಿಸಿದೆವು. ಮತ್ತೆ ಅಳೆದಾಗ ಸಮಯ ಎರಡು ನಿಮಿಷದ ಆಸುಪಾಸಿಗೆ ಇಳಿದಿತ್ತು.

ನಾಲ್ಕನೆಯದು ಡಿಸ್ಕ್‌ನ ಆರೋಗ್ಯ. ಹಾರ್ಡ್‌ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸಿಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಮಾಹಿತಿ ಎನ್ನುತ್ತಾರೆ. ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳ ಸಂಖ್ಯೆ ಅದರಲ್ಲಿ ಏರಿತ್ತು. ಅಂದರೆ ಡಿಸ್ಕ್ ಸಾಯುವ ದಾರಿಯಲ್ಲಿತ್ತು! ಅದೇ ಡಿಸ್ಕ್ ಮೇಲೆ ಹೊಸ ವಿಂಡೋಸ್ ಹಾಕಿದ್ದರೆ ಹಣವೂ ಹೋಗುತ್ತಿತ್ತು, ಕೆಲವೇ ದಿನಗಳಲ್ಲಿ ಲೆಕ್ಕವೂ ಹೋಗುತ್ತಿತ್ತು.

ಮನೆಯವರು ಒಂದು ಎಸ್‌ಎಸ್‌ಡಿ ತಂದರು. ಹಳೆಯ ಡಿಸ್ಕ್‌ನಲ್ಲಿದ್ದದ್ದನ್ನು ಇದ್ದ ಹಾಗೆಯೇ ಅದಕ್ಕೆ ಕ್ಲೋನ್ ಮಾಡಿದೆವು. ಅದೇ ವಿಂಡೋಸ್, ಅದೇ ಟ್ಯಾಲಿ. ಈಗ ಅರ್ಧ ನಿಮಿಷದಲ್ಲಿ ತೆರೆಯುತ್ತದೆ. ವಿಜ್ಞಾನದ ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಸ್ಥಿರವಾಗಿ ಇಡುತ್ತೇವಲ್ಲ, ಇಲ್ಲಿ ಆದದ್ದೂ ಅದೇ. ಆಪರೇಟಿಂಗ್ ಸಿಸ್ಟಮ್ ಬದಲಾಗಲಿಲ್ಲ, ಡಿಸ್ಕ್ ಬದಲಾಯಿತು, ನಿಧಾನ ಹೋಯಿತು. ಆದ್ದರಿಂದ ತಪ್ಪು ಆಪರೇಟಿಂಗ್ ಸಿಸ್ಟಮ್‌ನದ್ದಲ್ಲ.

ವಿಂಡೋಸ್‌ನ ಕಡತಗಳೇ ಕೆಟ್ಟಿವೆ ಎಂಬ ಅನುಮಾನವಿದ್ದರೂ ನೇರವಾಗಿ ಫಾರ್ಮ್ಯಾಟ್‌ಗೆ ಹೋಗಬೇಡಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಸ್ಮ್, ಬಳಿಕ ಎಸ್‌ಎಫ್‌ಸಿ ಎಂಬ ಎರಡು ಆಜ್ಞೆಗಳಿವೆ. ಇವು ಕೆಟ್ಟ ಕಡತಗಳನ್ನು ಪತ್ತೆಹಚ್ಚಿ ಸರಿಯಾದವನ್ನು ಮರಳಿ ಇಡುತ್ತವೆ. ಲ್ಯಾಬ್‌ಗೆ ಬಂದರೆ ತೋರಿಸಿಕೊಡುತ್ತೇನೆ. ಹಾಗೆಯೇ "ರಿಜಿಸ್ಟ್ರಿ ಕ್ಲೀನರ್" ಎಂಬ ತಂತ್ರಾಂಶಗಳ ಸಹವಾಸ ಬೇಡ. ಅಂಥವುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ.

ಮರುಸ್ಥಾಪನೆ ಮಾಡಲೇಬೇಕಾದ ಸಂದರ್ಭಗಳು

ನನ್ನ ಪ್ರಕಾರ ಇವು ನಾಲ್ಕು.

1. ದುರುದ್ದೇಶದ ತಂತ್ರಾಂಶ ಒಳಹೊಕ್ಕು, ಪೂರ್ತಿ ಹೋಯಿತೆಂಬ ಭರವಸೆ ಇಲ್ಲದಿದ್ದಾಗ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ "ಬಹುಶಃ ಹೋಗಿರಬಹುದು" ಎಂಬುದು ಸಾಲದು. ಇಲ್ಲಿ ಎಲ್ಲವನ್ನೂ ಅಳಿಸಿ ಹಾಕುವುದೇ ಸರಿ. ಆ ಬಳಿಕ ಬೇರೆ ಸುರಕ್ಷಿತ ಸಾಧನದಿಂದ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕು.

2. ಯಂತ್ರ ಕೈ ಬದಲಾಯಿಸುವಾಗ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡರೆ ಅದರಲ್ಲಿ ಏನಿದೆ ಎಂದು ನಿಮಗೆ ತಿಳಿಯದು. ಮಾರುವಾಗ ನಿಮ್ಮದು ಅದರಲ್ಲಿ ಉಳಿಯಬಾರದು. ಮಾರುವ ಮೊದಲು ರೀಸೆಟ್‌ನಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆಯ ಜೊತೆಗೆ ಡ್ರೈವ್ ಅನ್ನು ಶುದ್ಧಗೊಳಿಸುವ ಆಯ್ಕೆಯನ್ನೂ ಆರಿಸಿ. ಸಮಯ ಹೆಚ್ಚು ಬೇಕು. ಆದರೆ ಬರೇ ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕ್‌ನಿಂದ ಕಡತಗಳನ್ನು ಮರಳಿ ಪಡೆಯಲು ಹಲವು ಬಾರಿ ಸಾಧ್ಯವಿದೆ.

3. ದುರಸ್ತಿ ಆಜ್ಞೆಗಳಿಂದಲೂ ಸರಿಯಾಗದಷ್ಟು ವ್ಯವಸ್ಥೆ ಕೆಟ್ಟಾಗ, ಅದೂ ಡಿಸ್ಕ್ ಮತ್ತು ರ‍್ಯಾಮ್ ಚೆನ್ನಾಗಿವೆ ಎಂದು ಖಚಿತವಾದ ಮೇಲೆ. ವಿಂಡೋಸ್ 11ರಲ್ಲಿ ತಂತ್ರಾಂಶಗಳನ್ನೂ ಕಡತಗಳನ್ನೂ ಉಳಿಸಿಕೊಂಡು ವಿಂಡೋಸ್ ಮಾತ್ರ ಮತ್ತೆ ಹಾಕುವ ಆಯ್ಕೆ ಸೆಟ್ಟಿಂಗ್ಸ್‌ನ ರಿಕವರಿ ಭಾಗದಲ್ಲಿದೆ. ಮೊದಲು ಅದನ್ನು ಪ್ರಯತ್ನಿಸಿ.

4. ಆಪರೇಟಿಂಗ್ ಸಿಸ್ಟಮ್‌ನ ಬೆಂಬಲದ ಅವಧಿ ಮುಗಿದಾಗ. ನಾಲ್ಕರಲ್ಲಿ ಇದೊಂದಕ್ಕೆ ಮಾತ್ರ ನಿಜವಾಗಿ ದಿನಾಂಕವಿದೆ. ಆದರೆ ಆ ದಿನಾಂಕ ನಮ್ಮ ಆರು ತಿಂಗಳದ್ದಲ್ಲ. ಎಕ್ಸ್‌ಪಿಗೆ ಅದು 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಆ ದಿನದ ನಂತರವೂ ಯಂತ್ರ ಓಡುತ್ತದೆ, ಆದರೆ ಹೊಸದಾಗಿ ಪತ್ತೆಯಾದ ರಂಧ್ರಗಳನ್ನು ಮುಚ್ಚುವವರು ಇರುವುದಿಲ್ಲ. ವಿಂಡೋಸ್ 10 ಇರುವ ಮನೆಯ ಕಂಪ್ಯೂಟರ್‌ಗಳಿಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಸಿಗುವ ವ್ಯವಸ್ಥೆಯನ್ನು ಕಂಪನಿ ಮಾಡಿತ್ತು.

ರಂಧ್ರ ಮುಚ್ಚದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ಸಾಕ್ಷಿ. ಅದು ಬಳಸಿಕೊಂಡ ದೋಷಕ್ಕೆ ಅದೇ ವರ್ಷದ ಮಾರ್ಚ್‌ನಲ್ಲೇ ಪರಿಹಾರ ಬಿಡುಗಡೆಯಾಗಿತ್ತು. ಅಪ್‌ಡೇಟ್ ಹಾಕಿಕೊಂಡ ಹಳೆಯ ಯಂತ್ರ ಉಳಿಯಿತು. ಹಳೆಯ ಡಿವಿಡಿಯಿಂದ ನಿನ್ನೆಯಷ್ಟೇ ಹೊಸದಾಗಿ ವಿಂಡೋಸ್ ಹಾಕಿ ಅಪ್‌ಡೇಟ್ ಮಾಡದೆ ಬಿಟ್ಟ ಯಂತ್ರಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ಹೊಸದಾಗಿ ಹಾಕಿದ್ದು ಎಂದ ಮಾತ್ರಕ್ಕೆ ಸುರಕ್ಷಿತವಲ್ಲ.

ಗಡಿಯಾಚೆಯ ಶಾಲೆಗಳಿಂದ ಒಂದು ಪಾಠ

ಬೆಂಬಲದ ಅವಧಿ ನೋಡಿ ಯೋಜನೆ ಹಾಕುವುದು ಹೇಗೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ರೈಲಿನಲ್ಲಿ ಬರುವ ನಿಮ್ಮ ಸಹಪಾಠಿಗಳನ್ನು ಕೇಳಿ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲಿ. 2001ರಲ್ಲಿ ಐಟಿ@ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾದ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆ ಬೇಕಾದಂತೆ ಅದನ್ನು ಸಿದ್ಧಪಡಿಸುತ್ತದೆ.

ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ. 18.04 ಆವೃತ್ತಿಯ ಬೆಂಬಲ 2023ರಲ್ಲಿ ಮುಗಿಯಿತು. 22.04 ಆಧರಿಸಿದ ಶಾಲಾ ಆವೃತ್ತಿ 2024ರಲ್ಲಿ ಬಂತು. ಒಂದು ಆವೃತ್ತಿಯನ್ನು ವರ್ಷಗಟ್ಟಲೆ ಬಳಸಿ, ಆಮೇಲೆ ಮುಂದಿನದಕ್ಕೆ ಎಲ್ಲರೂ ಹೋಗುವುದು. ಕಾರಣ ಮೊದಲು, ದಿನಾಂಕ ಅದರ ಹಿಂದೆ.

ನಮ್ಮ ಮನೆಗಳಲ್ಲೂ ಈ ದಾರಿ ಉಂಟು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮತ್ತು ಅದರ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇವಿಲ್ಲದ ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹೋಗಬೇಕಾಗಿಲ್ಲ. ಲಿನಕ್ಸ್ ಹಾಕಿದರೆ ನಿಮ್ಮ ಪೈಥಾನ್, ಮೈಎಸ್‌ಕ್ಯೂಎಲ್ ಎರಡೂ ಅದರಲ್ಲಿ ಓಡುತ್ತವೆ. ಟ್ಯಾಲಿಯಂತಹ ವಿಂಡೋಸ್ ತಂತ್ರಾಂಶ ಬೇಕೇ ಬೇಕೆಂಬ ಮನೆಯಲ್ಲಿ ಮಾತ್ರ ಬೇರೆ ಯೋಚಿಸಬೇಕು.

ಮಾಡುವ ಮುನ್ನ

ಮರುಸ್ಥಾಪನೆ ಮಾಡುವುದೇ ಸರಿ ಎಂದಾದರೆ ಈ ಐದು ವಿಷಯ ನೋಡಿ.

ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ನಕಲಿಸಿದರೆ ಸಾಲದು. ನೀವು ಮೈಎಸ್‌ಕ್ಯೂಎಲ್‌ನಲ್ಲಿ ಮಾಡಿದ ಟೇಬಲ್‌ಗಳು ಅಲ್ಲಿ ಇರುವುದಿಲ್ಲ. ಅವು ಸಾಮಾನ್ಯವಾಗಿ ಸಿ ಡ್ರೈವ್‌ನ ಪ್ರೋಗ್ರಾಂಡೇಟಾ ಎಂಬ ಅಡಗಿದ ಫೋಲ್ಡರ್‌ನಲ್ಲಿರುತ್ತವೆ. ಮೈಎಸ್‌ಕ್ಯೂಎಲ್‌ಡಂಪ್ ಬಳಸಿ ಅವುಗಳನ್ನು ಕಡತವಾಗಿ ತೆಗೆದಿಡಿ. ಟ್ಯಾಲಿಯಲ್ಲಿ ಡೇಟಾ ಎಲ್ಲಿದೆ ಎಂದು ಟ್ಯಾಲಿಯೊಳಗೇ ನೋಡಿ ನಕಲಿಸಿ. ಬ್ರೌಸರ್‌ನ ಪಾಸ್‌ವರ್ಡ್, ಬುಕ್‌ಮಾರ್ಕ್‌ಗಳನ್ನೂ ಮರೆಯಬೇಡಿ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ ಅಥವಾ ಕ್ಲೌಡ್‌ನಲ್ಲಿ. ನಕಲಿಸಿದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಹಳೆಯ ಕನ್ನಡ ಕಡತಗಳ ಬಗ್ಗೆ ಎಚ್ಚರ. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಪತ್ರ, ನೋಟ್ಸ್‌ಗಳು ಮರುಸ್ಥಾಪನೆಯ ನಂತರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹೆದರಬೇಡಿ, ಕಡತ ಕೆಟ್ಟಿಲ್ಲ, ಅಕ್ಷರಶೈಲಿ ಇಲ್ಲ ಅಷ್ಟೇ. ನುಡಿಯನ್ನು ಮತ್ತೆ ಹಾಕಿದರೆ ಓದಲು ಬರುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡಕ್ಕೆ ಈ ತೊಂದರೆ ಇಲ್ಲ, ಎಕ್ಸ್‌ಪಿಯ ತುಂಗಾ ಅಕ್ಷರಶೈಲಿಯ ಕಾಲದಿಂದಲೂ ವಿಂಡೋಸ್ ಜೊತೆಗೇ ಯೂನಿಕೋಡ್ ಕನ್ನಡ ಬರುತ್ತಿದೆ. ನುಡಿಯ ಕೀಲಿಮಣೆ ವಿನ್ಯಾಸಕ್ಕೆ ಆಧಾರ ಒದಗಿಸಿದ ಕೆ. ಪಿ. ರಾವ್ ಅವರು ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು ಎಂಬುದು ನಿಮಗೆ ತಿಳಿದಿರಲಿ.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ ನೋಡಿ. ಆಗಿದ್ದರೆ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ವೈಫೈ ಡ್ರೈವರ್ ಮತ್ತು ಅಧಿಕೃತ ವಿಂಡೋಸ್‌ನ ಪ್ರತಿಯನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಮತ್ತೆ ಹಣ ಕೊಡಬೇಕಾಗಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು. ಕಡಿಮೆ ದುಡ್ಡಿಗೆ ಹಾಕಿಕೊಡುವ ಕಳ್ಳ ಪ್ರತಿಗಳ ಜೊತೆ ಆಕ್ಟಿವೇಟರ್ ಎಂಬ ತಂತ್ರಾಂಶ ಬರುತ್ತದೆ. ಅದನ್ನು ಹಾಕುವ ಮೊದಲು ಆಂಟಿವೈರಸ್ ನಿಲ್ಲಿಸಲು ಹೇಳುತ್ತಾರೆ. ಕಾವಲುಗಾರನನ್ನು ಮನೆಗೆ ಕಳುಹಿಸಿ ಬಾಗಿಲು ತೆರೆದಿಟ್ಟ ಹಾಗೆ. ಆರು ತಿಂಗಳಿಗೊಮ್ಮೆ ಫಾರ್ಮ್ಯಾಟ್ ಬೇಕಾಗುವ ಯಂತ್ರಗಳಲ್ಲಿ ನಾನು ಪದೇ ಪದೇ ಕಂಡದ್ದು ಇದನ್ನೇ. ಕಳ್ಳ ಪ್ರತಿ ಎಂದು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ಶಿಕ್ಷಾರ್ಹ ಅಪರಾಧವೂ ಹೌದು.

ಮನೆಯಲ್ಲಿ ಮಾಡಿ ನೋಡಲು

1. ನಿಮ್ಮ ಕಂಪ್ಯೂಟರ್ ತೆರೆಯುವ ಸಮಯವನ್ನು ಮೂರು ದಿನ ಅಳೆದು ಸರಾಸರಿ ತೆಗೆಯಿರಿ.
2. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಇವುಗಳಲ್ಲಿ ಯಾವುದು ಮೊದಲು ತುಂಬುತ್ತದೆ ಎಂದು ಬರೆಯಿರಿ.
3. ಸ್ಟಾರ್ಟ್‌ಅಪ್ ಪಟ್ಟಿಯಿಂದ ಬೇಡದ ಒಂದನ್ನು ಮಾತ್ರ ನಿಲ್ಲಿಸಿ ಮತ್ತೆ ಅಳೆಯಿರಿ. ಒಮ್ಮೆಗೆ ಒಂದೇ ಬದಲಾವಣೆ.
4. ನಿಮ್ಮ ಡಿಸ್ಕ್ 7200 ಸುತ್ತಿನದ್ದಾದರೆ ಸರಾಸರಿ ಕಾಯುವ ಸಮಯ ಎಷ್ಟೆಂದು ಲೆಕ್ಕ ಮಾಡಿ.
5. ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಕಳೆದುಕೊಳ್ಳಲಾಗದ ಕಡತಗಳು ಯಾವುವು, ಅವುಗಳ ಎರಡನೆಯ ಪ್ರತಿ ಎಲ್ಲಿದೆ ಎಂದು ಮನೆಯವರನ್ನು ಕೇಳಿ ಪಟ್ಟಿ ಮಾಡಿ.

ಐದನೆಯ ಪ್ರಶ್ನೆಗೆ "ಎಲ್ಲಿಯೂ ಇಲ್ಲ" ಎಂಬ ಉತ್ತರ ಬಂದರೆ ಉಳಿದ ನಾಲ್ಕನ್ನು ಬದಿಗಿಟ್ಟು ಇಂದೇ ಪ್ರತಿ ಮಾಡಿ. ಪೆನ್‌ಡ್ರೈವ್ ಇಲ್ಲದವರು ಲ್ಯಾಬ್‌ಗೆ ಬನ್ನಿ, ದಾರಿ ಹುಡುಕೋಣ.